ನಮ್ಮ ಮನೆಯಲ್ಲಿಟ್ಟ ಪ್ರಸ್ಥಾನ

ಉತ್ತರದ ದ್ವೀಪಗಳ ಪ್ರವಾಸವನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬೇಕು. ಜನ ವಿಮಾನದ ಟಿಕೆಟ್ಟಿನಿಂದ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ. ವಿಮಾನ ದಿನಾ ಸಿಗುತ್ತದೆ. ನಾರ್ವೆಯ ಬೂಡೊ ಬಂದರಿನಿಂದ ಲೊಫೋಟೆನ್ ದ್ವೀಪಗಳಿಗೆ ದಾಟುವ ಹಡಗಿನಲ್ಲಿ ಒಂದು ಬಸ್ಸು ನಿಲ್ಲಿಸುವಷ್ಟು ಜಾಗ ಬೇಸಿಗೆಯಲ್ಲಿ ಸಿಗುವುದು ಕಷ್ಟ. ಆದ್ದರಿಂದ ಮೊದಲು ಹಡಗು, ಆಮೇಲೆ ದ್ವೀಪದಲ್ಲಿ ಮಲಗಲು ಮನೆ, ಆಮೇಲೆ ದಕ್ಷಿಣದ ಫ್ಯೋರ್ಡುಗಳು, ಎಲ್ಲಕ್ಕಿಂತ ಕೊನೆಗೆ ವಿಮಾನ. ಫ್ಯೋರ್ಡ್ ಎಂದರೆ ಎತ್ತರದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿ ನಿಂತ ಕಿರಿದಾದ ಕೊಲ್ಲಿ. ಅದರ ಯಾವ ದಡದಲ್ಲಿ ದೋಣಿ ನಿಲ್ಲುತ್ತದೆ, ಇಳಿದವರಿಗೆ ಶೌಚಾಲಯ ಎಲ್ಲಿದೆ, ಮಳೆ ಬಂದರೆ ಎಲ್ಲಿ ನಿಲ್ಲಬೇಕು, ಎಲ್ಲವೂ ನನಗೆ ಬಾಯಿಪಾಠ. ಹಲಸೂರು ಬಜಾರ್ ಬೀದಿಯ ಒಂದು ಮಹಡಿಯ ಮೇಲೆ, ಕೆಳಗಿನ ಪಾತ್ರೆ ಅಂಗಡಿಯ ಸದ್ದು ಕೇಳಿಕೊಂಡು, ಕಂಪ್ಯೂಟರ್ ಮುಂದೆ ಕೂತು ಕಲಿತದ್ದು. ಕಣ್ಣಾರೆ ನೋಡಿದ್ದು ಒಂದೂ ಇರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಗ್ಗದಾಸಪುರದ ಒಂದು ಕುಟುಂಬ ನಮ್ಮ ಟ್ರಾವೆಲ್ ಆಫೀಸಿಗೆ ಬಂತು. ಹಿಂದೆ ರಾಗಿ, ಹೂವು ಬೆಳೆಯುತ್ತಿದ್ದವರು. ಈಗ ಅದೇ ಹೊಲದ ಮೇಲೆ ಅವರ ಬಾಡಿಗೆ ಮನೆಗಳು ನಿಂತಿವೆ. ಯಜಮಾನರು, ಅವರ ತಮ್ಮಂದಿರು, ಹೆಂಡಂದಿರು, ಮಕ್ಕಳು, ಸೊಸೆಯರು ಸೇರಿ ಹದಿನೈದು ಜನ. ದುಬೈ, ಸಿಂಗಾಪುರ ಮುಗಿದಿತ್ತು. ಬೀಗರು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದುಬಿಟ್ಟಿದ್ದರಿಂದ ಇವರು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಬೀಗರು ಹೋಗದ ಕಡೆ ಕಳಿಸಿ ಎಂಬುದಷ್ಟೇ ಗಂಡಸರ ಬೇಡಿಕೆ. ಮನೆಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಯಜಮಾನರ ಹೆಂಡತಿ ಮಾತ್ರ ಗೋಡೆಯ ಮೇಲಿನ ನಾರ್ವೆಯ ಚಿತ್ರ ನೋಡಿ, ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವಂತೆ, ನಿಜವೇ ಎಂದು ಕೇಳಿದರು. ನಿಜ ಎಂದೆ. ಹಾಗಾದರೆ ಅಲ್ಲಿಗೇ ಹೋಗೋಣ ಎಂದರು. ಅವರು ಒಂದು ಸಲ ಹೇಳಿದ ಮೇಲೆ ಆ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ.

ನಮ್ಮ ವ್ಯಾಪಾರದಲ್ಲಿ ಹದಿನೈದು ಜನ ಹೊರಟರೆ ಆಫೀಸಿನಿಂದ ಜೊತೆಗೆ ಹೋಗುವವರಿಗೆ ಒಂದು ಬಿಟ್ಟಿ ಸೀಟು ಸಿಗುತ್ತದೆ. ಉತ್ತರದ ಕಡೆ ನಮ್ಮ ಆಫೀಸಿನಿಂದ ಗುಂಪು ಹೊರಟಿದ್ದು ಅದೇ ಮೊದಲು. ಮಾಲೀಕರು ಅಂದೇ, ಎಲ್ಲರ ಎದುರಿಗೇ, ಈ ಸಲ ನೀನೇ ಹೋಗಿ ಬಾರಮ್ಮ ಎಂದರು. ನಾನು ತಲೆಯಾಡಿಸಿ ಕೆಲಸಕ್ಕೆ ಕೂತೆ. ಸಂಜೆ ಮನೆಗೆ ಹೋಗುವಾಗ ಹಲಸೂರು ಕೆರೆಯ ಪಕ್ಕ ಒಬ್ಬಳೇ ನಗುತ್ತಿದ್ದೆ. ಇಷ್ಟು ವರ್ಷ ಬೇರೆಯವರನ್ನು ಕಳಿಸಿದವಳಿಗೆ ಹೀಗೆ ನಗುವಷ್ಟು ಹಕ್ಕಿದೆ ಅನ್ನಿಸಿತು.

ಏಳು ದಿನದ ಪ್ರವಾಸ ಎಂದರೆ ಗಿರಾಕಿಗಳಿಗೆ ಏಳು ದಿನ. ಕಟ್ಟುವವರಿಗೆ ಐದು ಸಿಕ್ಕರೆ ಹೆಚ್ಚು, ಹೋಗುವುದಕ್ಕೆ ಬರುವುದಕ್ಕೇ ಉಳಿದದ್ದು ಖರ್ಚಾಗುತ್ತದೆ. ಬರ್ಗೆನ್ ಊರಿನಲ್ಲಿ ಇಳಿದು, ರೈಲಿನಲ್ಲಿ ಒಳನಾಡಿಗೆ ಹೋಗಿ, ಬಸ್ಸು ಹಿಡಿದು ಫ್ಯೋರ್ಡಿನ ದೋಣಿ ಹತ್ತುವುದು ಮೊದಲ ಭಾಗ. ಅಲ್ಲಿಂದ ವಿಮಾನದಲ್ಲಿ ಉತ್ತರಕ್ಕೆ ಹಾರಿ, ಬೂಡೊದಲ್ಲಿ ಬಸ್ಸು ಸಮೇತ ಹಡಗು ಹತ್ತಿ, ದ್ವೀಪಗಳ ತುದಿಯ ಮೀನುಗಾರರ ಹಳ್ಳಿಯಲ್ಲಿ ಇಳಿಯುವುದು ಎರಡನೆಯದು. ಯಜಮಾನರಿಗೆ ಮಂಡಿನೋವು. ದೋಣಿಗೆ ಹತ್ತುವ ಹಲಗೆ ಎಷ್ಟು ಕಡಿದಾಗಿರುತ್ತದೆ, ಹಿಡಿಯಲು ಕಂಬಿ ಇದೆಯೇ ಎಂದು ದೋಣಿಯವರಿಗೆ ಬರೆದು ಚಿತ್ರ ತರಿಸಿಕೊಂಡೆ. ಹೋಟೆಲ್ ಅಡುಗೆಮನೆಗೆ ನಮ್ಮವರನ್ನು ಬಿಡುವುದಿಲ್ಲ, ಆದ್ದರಿಂದ ದ್ವೀಪದಲ್ಲಿ ಒಲೆ ಪಾತ್ರೆ ಇರುವ ಮರದ ಮನೆಗಳನ್ನೇ ಹುಡುಕಿದೆ. ರಾಗಿಹಿಟ್ಟು ಒಯ್ಯಬಹುದು, ತುಪ್ಪ ಒಯ್ಯುವ ಹಾಗಿಲ್ಲ, ಅಲ್ಲಿನ ಸುಂಕದವರು ತೆಗೆದು ಬಿಸಾಡುತ್ತಾರೆ. ತುಪ್ಪವಿಲ್ಲದ ಮುದ್ದೆಯೇ ಎಂದು ದೊಡ್ಡಮ್ಮ ದಿಗಿಲುಬಿದ್ದರು. ಅಲ್ಲಿ ಬೆಣ್ಣೆ ಚೆನ್ನಾಗಿರುತ್ತೆ, ಕಾಯಿಸಿಕೊಳ್ಳಿ ಎಂದ ಮೇಲೆ ಸಮಾಧಾನವಾಯಿತು.

ಬಸ್ಸಿನ ಡ್ರೈವರ್ ವಿಷಯ ಇನ್ನೂ ಬಿಗಿ. ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ನಿಲ್ಲಿಸಲೇಬೇಕು, ದಿನಕ್ಕೆ ಒಂಬತ್ತು ಗಂಟೆಯಾಯಿತೆಂದರೆ ಸಾಮಾನ್ಯವಾಗಿ ಮುಗಿಯಿತು. ಇನ್ನೊಂದು ಸ್ವಲ್ಪ ದೂರ ಅಣ್ಣ ಎಂದು ಟೀ ಕುಡಿಸಿ ಒಪ್ಪಿಸುವ ಆಟ ಅಲ್ಲಿ ನಡೆಯುವುದಿಲ್ಲ. ಬಸ್ಸಿನಲ್ಲಿ ಹದಿನಾರು ಸೀಟು, ಅದಕ್ಕಿಂತ ದೊಡ್ಡದು ತರಿಸಿದರೆ ಹಡಗಿನಲ್ಲಿ ಜಾಗವಿರಲಿಲ್ಲ. ಹದಿನೈದು ಅವರು, ಒಂದು ನಾನು.

ಹಡಗಿನವರು ಜೂನ್ ತಿಂಗಳಲ್ಲಿ ಎರಡು ದಿನ ಜಾಗವಿದೆ ಎಂದರು. ಎರಡಕ್ಕೂ ಇಲ್ಲಿಂದ ಹೊರಡಬೇಕಾದ ದಿನ ಲೆಕ್ಕ ಹಾಕಿ ಮಾಲೀಕರ ಮುಂದಿಟ್ಟೆ. ಅವರು ಹಲಸೂರಿನ ಹಳೆಯ ತಮಿಳು ಮನೆತನದವರು. ಹೊರಡುವ ದಿನಗಳನ್ನು ಗೋಡೆಯ ಮೇಲಿನ ತಮಿಳು ಕ್ಯಾಲೆಂಡರಿನಲ್ಲಿ ನೋಡಿ, ಒಂದರ ಮೇಲೆ ಬೆರಳಿಟ್ಟು, "ಇದೇ ಮಾಡಮ್ಮ. ನಿರೈಂಜ ಅಮಾವಾಸೆ. ಇದಕ್ಕಿಂತ ಒಳ್ಳೆ ದಿನ ಬೇಕಾ?" ಎಂದರು. ನಿರೈಂಜ ಎಂದರೆ ತುಂಬಿದ; ತಮಿಳರಿಗೆ ಅಮಾವಾಸ್ಯೆ ಶುಭ. ಆ ಬೀದಿಯ ಅರ್ಧ ಅಂಗಡಿಗಳು ಶುರುವಾದದ್ದೇ ಅಮಾವಾಸ್ಯೆ ದಿನ. ನಮ್ಮ ಕಡೆ ಅಮಾವಾಸ್ಯೆ ದಿನ ಪಕ್ಕದ ಊರಿಗೂ ಹೊರಡುವುದಿಲ್ಲ. ನನಗೆ ಅದು ಗೊತ್ತಿಲ್ಲದ ಸಂಗತಿಯಲ್ಲ, ಆದರೆ ನನ್ನ ಕಣ್ಣೆಲ್ಲ ಹಡಗಿನ ಮೇಲಿತ್ತು. ಎರಡನೆಯ ದಿನವನ್ನು ಬಿಟ್ಟುಕೊಟ್ಟೆ. ಸಂಜೆಯೊಳಗೆ ಅದನ್ನು ಬೇರೆ ಯಾರೋ ತೆಗೆದುಕೊಂಡರು.

ವೀಸಾ ಅರ್ಜಿಗಳಿಗೆ ಇಡೀ ಏಪ್ರಿಲ್ ಹೋಯಿತು. ಬಾಡಿಗೆಯ ಆದಾಯವನ್ನು ಅಲ್ಲಿನ ಅಧಿಕಾರಿಗೆ ಅರ್ಥವಾಗುವಂತೆ ಬರೆಯುವುದೇ ಒಂದು ವಿದ್ಯೆ. ಹದಿನೈದು ಜನರದ್ದೂ ಬಂತು, ನನ್ನದೂ ಬಂತು. ಪಾಸ್‌ಪೋರ್ಟಿನಲ್ಲಿ ಆ ಚೀಟಿ ಅಂಟಿದ ದಿನ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಮಳೆ ಗಾಳಿ ತಡೆಯುವ ಒಂದು ಜಾಕೆಟ್ ಕೊಂಡೆ. ಸುಡು ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದವಳನ್ನು ಅಂಗಡಿಯವನು ವಿಚಿತ್ರವಾಗಿ ನೋಡಿದ.

ಟಿಕೆಟ್ಟುಗಳನ್ನು ಕೊಡಲು ಕಗ್ಗದಾಸಪುರದ ಅವರ ಮನೆಗೆ ನಾನೇ ಹೋದೆ. ಗಂಡಸರೆಲ್ಲ ತಮ್ಮ ಹೆಸರಿನ ಕಾಗುಣಿತ ನೋಡಿಕೊಂಡರು. ದೊಡ್ಡಮ್ಮ ತಾರೀಖು ಕೇಳಿದರು, ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿದರು, ವಾಪಸು ಬಂದು ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಅಮಾಸೆ ದಿನ ಮನೆ ಬಿಟ್ಟು ಸಮುದ್ರ ದಾಟೋದಾ ತಾಯಿ? ನಾನಂತೂ ಬರಲ್ಲ. ಇವರು ಬೇಕಾದ್ರೆ ಹೋಗ್ಲಿ."

ಇವರು ಹೋಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಜಮಾನರು ನನ್ನನ್ನೇ ನೋಡಿದರು. ದಿನ ಬದಲಾಯಿಸಿದರೆ ಹಡಗಿಲ್ಲ, ಹಡಗಿಲ್ಲದಿದ್ದರೆ ದ್ವೀಪವಿಲ್ಲ, ಎಲ್ಲಕ್ಕೂ ಮುಂಗಡ ಹೋಗಿಯಾಗಿತ್ತು. ಐದು ನಿಮಿಷ ಕೊಡಿ ಎಂದು ಕಾಂಪೌಂಡಿಗೆ ಬಂದು ನನ್ನ ತಾಯಿಗೆ ಫೋನ್ ಮಾಡಿದೆ. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ಪ್ರಸ್ಥಾನ ಇಡುತ್ತಿದ್ದರು ಎಂದರು ಅಮ್ಮ. ಒಳ್ಳೆಯ ದಿನ ನೋಡಿ, ಪ್ರಯಾಣದ ಒಂದು ಗಂಟನ್ನು ತೆಂಗಿನಕಾಯಿ, ವೀಳ್ಯದ ಜೊತೆ ಇನ್ನೊಬ್ಬರ ಮನೆಗೆ ಸಾಗಿಸಿ ಇಟ್ಟುಬಿಡುವುದು. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ, ಗಂಟನ್ನು ಎತ್ತಿಕೊಂಡು ಮುಂದಕ್ಕೆ ಹೋದರಾಯಿತು.

ಒಳಗೆ ಬಂದು ಹೇಳಿದೆ. ದೊಡ್ಡಮ್ಮನ ಮುಖ ಅರಳಿತು. ಅಯ್ಯೋ, ನಮ್ಮತ್ತೆ ಮಾಡ್ತಿದ್ರಲ್ಲ, ನಂಗೆ ಹೊಳೀಲೇ ಇಲ್ಲ ಎಂದು ಅವರೇ ಮುಂದಿನದನ್ನು ಹೇಳತೊಡಗಿದರು. ಸಂಬಂಧಿಕರ ಮನೆಯಾಗಬಾರದು. ಹೋಗುವ ದಿಕ್ಕಿಗೇ ಇರಬೇಕು, ಅಂದರೆ ಉತ್ತರಕ್ಕೆ. ತೀರ ದೂರ ಆಗಬಾರದು. ಎಲ್ಲರೂ ಯೋಚಿಸುತ್ತ ಕೂತಾಗ, ನಮ್ಮ ಮನೆ ಕಸ್ತೂರಿನಗರದಲ್ಲಿದೆ, ನಿಮಗೆ ಉತ್ತರಕ್ಕೇ ಆಗುತ್ತೆ ಎಂದು ಹೇಳಿದವಳು ನಾನೇ. ಯಾರೂ ನನ್ನನ್ನು ಕೇಳಿರಲಿಲ್ಲ. ಸಮಸ್ಯೆ ಬಿಡಿಸಿದ ಹುಮ್ಮಸ್ಸು ಅಂಥದು.

ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ಅವರು ಬಂದರು. ಹಿತ್ತಾಳೆ ತಟ್ಟೆಯಲ್ಲಿ ಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಜೊತೆಗೆ ಒಂದು ನೀಲಿ ಸೂಟ್‌ಕೇಸ್. ಅಮ್ಮ ಅದನ್ನು ದೇವರ ಗೂಡಿನ ಪಕ್ಕ ಇಡಿಸಿ ದೀಪ ಹಚ್ಚಿದರು. ಅಪ್ಪ ಸೂಟ್‌ಕೇಸಿನ ಚಕ್ರ ಉರುಳದ ಹಾಗೆ ಗೋಡೆಗೆ ಒತ್ತಿಟ್ಟರು. ಕಾಫಿ ಕೊಡುತ್ತ ನಾನು, ಆವತ್ತು ಬೆಳಿಗ್ಗೆ ನಿಮ್ಮ ಗಾಡಿ ಇಲ್ಲಿಗೇ ಬರುತ್ತಲ್ಲ, ನಾನೂ ಇಲ್ಲಿಂದಲೇ ಹತ್ತಿಕೊಳ್ಳುತ್ತೇನೆ ಎಂದೆ.

ದೊಡ್ಡಮ್ಮ ಲೋಟ ಕೆಳಗಿಟ್ಟರು.

"ಅದು ಹೆಂಗಾಗುತ್ತಮ್ಮ? ಪ್ರಸ್ಥಾನ ಇಟ್ಕೊಂಡ ಮನೆಯೋರು ಬಾಗಿಲಲ್ಲಿ ನಿಂತು ಕಳಿಸ್ಕೊಡಬೇಕು. ಅದೇ ಮನೆಯಿಂದ ಇನ್ನೊಬ್ರು ಜೊತೇಲಿ ಹೊರಟ್ರೆ ಪ್ರಸ್ಥಾನ ಅವರದಾಗುತ್ತೆ. ನಾವು ಅಮಾಸೆ ದಿನ ಹೊರಟೋರೇ ಆಗ್ತೀವಿ."

ಅಪ್ಪ ಅಮ್ಮ ಮನೆಯಲ್ಲೇ ಇರುತ್ತಾರೆ, ಅವರು ಕಳಿಸಿಕೊಡುತ್ತಾರೆ ಎಂದೆ. ಮನೆಯವರು ಅಂದರೆ ಎಲ್ಲರೂ ಎಂದರು. ಬೇರೆ ಮನೆಗೆ ಸಾಗಿಸೋಣ ಎಂದೆ. ಇಟ್ಟ ಪ್ರಸ್ಥಾನ ಕದಲಿಸಿದರೆ ಪ್ರಯಾಣವೇ ಮುರಿದ ಹಾಗೆ ಎಂದರು. ಒಂದೊಂದಕ್ಕೂ ಅವರ ಬಳಿ ಉತ್ತರವಿತ್ತು, ಒಂದೊಂದು ಉತ್ತರದಲ್ಲೂ ನನ್ನ ಮೇಲೆ ನಿಜವಾದ ಅಕ್ಕರೆಯಿತ್ತು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗಿನ ತುದಿ ನೋಡಿಕೊಳ್ಳುತ್ತ, ನಮ್ಮ ಅಜ್ಜೀನೂ ಹಂಗೇ ಹೇಳ್ತಿದ್ರು ಎಂದರು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದಾಗ, ನೀನು ಕೇಳಲಿಲ್ಲವಲ್ಲ ಎಂದರು. ಅದೂ ನಿಜವೇ. ಹಡಗಿನವರ ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದುವವಳು ನಾನು. ನಮ್ಮ ಮನೆಯಿಂದ ಯಾರೂ ಎಂದೂ ದೂರ ಹೋದವರಿಲ್ಲ, ಪ್ರಸ್ಥಾನದ ಷರತ್ತುಗಳು ನನಗೆ ಎಲ್ಲಿಂದ ತಿಳಿಯಬೇಕು?

ಮಾರನೆಯ ದಿನ ಮಾಲೀಕರಿಗೆ ಹೇಳಿದೆ. ಅವರಿಗೆ ಈ ಪದ್ಧತಿ ಗೊತ್ತಿರಲಿಲ್ಲ, ಅಷ್ಟು ನಂಬುತ್ತೇನೆ. ಆದರೆ ಅವರು ಬೇಸರ ಪಟ್ಟುಕೊಳ್ಳಲು ತೆಗೆದುಕೊಂಡ ಸಮಯ ಬಹಳ ಕಡಿಮೆ.

"ಕಸ್ಟಮರ್ ನಂಬಿಕೆ ಅಮ್ಮ, ಅದರಲ್ಲಿ ನಾವು ಕೈ ಹಾಕೋಕಾಗಲ್ಲ. ನಮ್ಮ ಮಚ್ಚಾನ್ ಹತ್ರ ಯುರೋಪ್ ವೀಸಾ ರೆಡಿ ಇದೆ, ಅವನು ಹೋಗ್ಲಿ. ನೀನು ಎಲ್ಲಾ ಬರೆದುಕೊಡು."

ಮಚ್ಚಾನ್ ಎಂದರೆ ಅವರ ಹೆಂಡತಿಯ ತಮ್ಮ. ವ್ಯಾಪಾರದ ಮೇಳಕ್ಕೆಂದು ಒಮ್ಮೆ ಜರ್ಮನಿಗೆ ಹೋಗಿ ಬಂದಿದ್ದ. ನಾನು ವಾದ ಮಾಡಿದೆ. ಈ ಪ್ರವಾಸ ನನ್ನದು, ಡ್ರೈವರ್‌ನಿಂದ ಹಿಡಿದು ಮರದ ಮನೆಯ ಒಡತಿಯವರೆಗೆ ಎಲ್ಲರೂ ನನ್ನ ಜೊತೆಗೇ ಮಾತಾಡಿಕೊಂಡಿದ್ದಾರೆ ಎಂದೆ. ಮಾಲೀಕರು, ಮುಂದಿನ ಸಲ ನೋಡೋಣ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಎಷ್ಟೋ ಸಲ ಹೇಳಿದ್ದೆ, ಅದರ ರುಚಿ ಅಂದು ತಿಳಿಯಿತು.

ಅವನಿಗೆ ಎರಡು ಮಧ್ಯಾಹ್ನ ಕೂತು ಪಾಠ ಹೇಳಿದೆ. ಹಡಗು ನಿಂತರೆ ಏನು ಮಾಡಬೇಕು ಎಂಬಲ್ಲಿಗೆ ಬಂದಾಗ ಅವನು ಫೋನಿನಲ್ಲಿ ಆಸ್ಲೋದ ಶಾಪಿಂಗ್ ಮಾಲ್ ಹುಡುಕುತ್ತಿದ್ದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಸೂಟ್‌ಕೇಸನ್ನು ಒಂದು ಅಡಿ ಆಚೆ ಸರಿಸಿದ್ದರೆ ಹದಿನೈದು ಜನರ ಪ್ರವಾಸ ನಿಂತುಹೋಗುತ್ತಿತ್ತು. ನನಗೆ ಆ ಯೋಚನೆ ಬಂತು, ಒಂದಲ್ಲ, ನಾಲ್ಕು ಸಲ ಬಂತು. ಸರಿಸಲಿಲ್ಲ. ಒಳ್ಳೆಯತನದಿಂದಲ್ಲ. ಅಷ್ಟು ಕಷ್ಟಪಟ್ಟು ಹಿಡಿದ ಹಡಗಿನ ಜಾಗ ಖಾಲಿ ಹೋಗುತ್ತದಲ್ಲ ಎಂಬ ಕೆಲಸದ ಹಾಳು ಅಭ್ಯಾಸದಿಂದ.

ಅಮಾವಾಸ್ಯೆ ದಿನ ಬೆಳಕು ಹರಿಯುವ ಹೊತ್ತಿಗೆ ಅವರ ಗಾಡಿ ಬಂತು. ಅಮ್ಮ ಕಾಯಿ ಕೊಟ್ಟರು, ನಾನು ಸೂಟ್‌ಕೇಸ್ ಎತ್ತಿಕೊಟ್ಟೆ. ಮಚ್ಚಾನ್ ಮುಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ದೊಡ್ಡಮ್ಮ ನನ್ನ ಗಲ್ಲ ಹಿಡಿದು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದರು. ಹೋಗಿ ಬನ್ನಿ ಎಂದೆ. ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದದ್ದು ಅದನ್ನೇ.

ಫ್ಯೋರ್ಡುಗಳು ಸಲೀಸಾಗಿ ಮುಗಿದವು. ಉತ್ತರಕ್ಕೆ ಹಾರಿ ಬೂಡೊ ಮುಟ್ಟಿದ ಮಾರನೆಯ ದಿನ, ನಾನು ಆಫೀಸಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಮಚ್ಚಾನ್ ಫೋನ್ ಮಾಡಿದ. ಅಲ್ಲಿ ಆಗ ಬೆಳಿಗ್ಗೆ. ಸಮುದ್ರದಲ್ಲಿ ಗಾಳಿ ಎದ್ದಿದೆ, ಹಡಗು ನಿಂತಿದೆ, ನಾಳೆಯದರಲ್ಲೂ ಬಸ್ಸಿಗೆ ಜಾಗವಿಲ್ಲವಂತೆ.

"ಸಿಸ್ಟರ್, ಐಲ್ಯಾಂಡ್ ಬಿಟ್ಬಿಡೋಣ. ಎಲ್ಲರ್ನೂ ಆಸ್ಲೋಗೆ ಕರ್ಕೊಂಡ್ಹೋಗಿ ಶಾಪಿಂಗ್ ಮಾಡಿಸ್ತೀನಿ. ಇವರಿಗೆ ಏನು ಗೊತ್ತಾಗುತ್ತೆ?"

ಇಲ್ಲಿ ಒಂದು ಮಾತು ಬರೆಯಲೇಬೇಕು. ಆ ಕ್ಷಣ ನನಗೆ ಸಂತೋಷವಾಯಿತು. ನಾನು ನೋಡದ ದ್ವೀಪವನ್ನು ಅವರೂ ನೋಡದಿರಲಿ ಎನ್ನಿಸಿತು. ಸರಿ ಎಂದರೆ ಸಾಕಿತ್ತು, ಗಾಳಿಯ ಮೇಲೆ ತಪ್ಪು ಹೋಗುತ್ತಿತ್ತು, ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ನಕ್ಷೆ ತೆಗೆಯುವ ಮುಂಚೆ ಒಂದು ಲೋಟ ನೀರು ಕುಡಿದೆ. ಸೂರ್ಯ ಮುಳುಗುವುದಿಲ್ಲವಂತೆ ಎಂದು ಕೇಳಿದ ಹೆಂಗಸಿಗೆ ನಿಜ ಎಂದವಳು ನಾನು. ಮಚ್ಚಾನ್ ಹೇಳಿರಲಿಲ್ಲ, ಮಾಲೀಕರೂ ಹೇಳಿರಲಿಲ್ಲ.

ದಾರಿ ಇತ್ತು. ಬೂಡೊದಿಂದ ನೆಲದ ಮೇಲೆ ಉತ್ತರಕ್ಕೆ ನಾಲ್ಕು ಗಂಟೆ ಓಡಿಸಿದರೆ ಇನ್ನೊಂದು ಚಿಕ್ಕ ಬಂದರು ಸಿಗುತ್ತದೆ. ಅಲ್ಲಿ ಕೊಲ್ಲಿಯ ಮರೆಯಿದೆ, ಗಾಳಿ ಅಷ್ಟಾಗಿ ತಾಗುವುದಿಲ್ಲ. ಒಂದು ಗಂಟೆ ಹಡಗಿನಲ್ಲಿ ದಾಟಿದರೆ ದ್ವೀಪಗಳ ಇನ್ನೊಂದು ತುದಿ. ಆದರೆ ಅಲ್ಲಿಂದ ನಮ್ಮ ಮರದ ಮನೆಗಳಿಗೆ ಮತ್ತೆ ನಾಲ್ಕು ಗಂಟೆಯ ಮೇಲೆ ಹಾದಿ. ಎರಡೂ ಸೇರಿದರೆ ಡ್ರೈವರ್‌ನ ಒಂಬತ್ತು ಗಂಟೆ ತುಂಬಿ, ಸ್ವಲ್ಪ ತಡವಾದರೂ ನಡುರಸ್ತೆಯಲ್ಲಿ ನಿಂತುಬಿಡುತ್ತಾನೆ. ಅರ್ಧ ಹಾದಿಯ ಸ್ವೋಲ್ವೇರ್ ಎಂಬ ಊರಿನಲ್ಲಿ ರಾತ್ರಿ ಇಳಿಸುವುದು, ಮರದ ಮನೆಯ ಒಂದು ರಾತ್ರಿ ಬಿಟ್ಟುಕೊಡುವುದು ಎಂದು ತೀರ್ಮಾನಿಸಿದೆ. ಬಸ್ಸಿನವರಿಗೆ, ಹೋಟೆಲಿನವರಿಗೆ, ಮನೆಯ ಒಡತಿಗೆ ಒಂದಾದ ಮೇಲೊಂದು ಫೋನ್ ಮಾಡಿದೆ. ಡಬ್ಬಿಯ ಅನ್ನ ಹಾಗೇ ಉಳಿಯಿತು. ಕೊನೆಗೆ ಮಚ್ಚಾನ್‌ನನ್ನು ಬಿಟ್ಟು ನೇರವಾಗಿ ದೊಡ್ಡಮ್ಮನಿಗೇ ಫೋನ್ ಮಾಡಿ, ದಾರಿ ದೂರ, ಸುಸ್ತಾಗುತ್ತೆ, ಆದರೆ ದ್ವೀಪ ಸಿಗುತ್ತೆ, ಏನು ಮಾಡೋಣ ಎಂದು ಕೇಳಿದೆ. ಇಷ್ಟು ದೂರ ಬಂದಿರೋದು ಯಾಕೆ, ಹೊರಟ್ವಿ ಎಂದರು.

ಅವರು ದ್ವೀಪ ಮುಟ್ಟಿದರು. ಬೆಟ್ಟದ ಕೆಳಗೆ ಕೆಂಪು ಮರದ ಮನೆಗಳು, ಕಂಬಗಳ ಮೇಲೆ ಒಣಗಿದ ಮೀನು, ಬೆಣ್ಣೆ ಕಾಯಿಸಿದ ಪಾತ್ರೆಯ ಮುಂದೆ ಸೊಸೆಯರು. ಚಿತ್ರಗಳು ಬಂದವು. ಪ್ರತಿ ಚಿತ್ರದಲ್ಲೂ ಅಂಚಿನಲ್ಲಿ ಕಪ್ಪು ಕನ್ನಡಕದ ಒಬ್ಬ ಇದ್ದ. ಮಾಲೀಕರು ಅವುಗಳಲ್ಲಿ ಒಂದನ್ನು ದೊಡ್ಡದು ಮಾಡಿಸಿ ಆಫೀಸಿನ ಬಾಗಿಲಿಗೆ ಹಾಕಿಸಿದರು.

ವಾಪಸು ಬಂದವರು ಪದ್ಧತಿಯಂತೆ ಮೊದಲು ನಮ್ಮ ಮನೆಗೇ ಬಂದರು. ದೊಡ್ಡಮ್ಮ ಚಾಕೊಲೇಟಿನ ಡಬ್ಬಿ ಕೊಟ್ಟು, ಅಮ್ಮನ ಪಕ್ಕ ಕೂತು, ರಾತ್ರಿಯೆಲ್ಲ ಬಿಸಿಲು, ಸಂಜೆ ದೀಪ ಹಚ್ಚೋದು ಯಾವಾಗ ಅಂತಾನೇ ಗೊತ್ತಾಗಲಿಲ್ಲ ಎಂದು ಹೇಳಿದ್ದನ್ನೇ ಹೇಳಿದರು. ಹಡಗು ನಿಂತಾಗ ಇನ್ನು ದ್ವೀಪವಿಲ್ಲ ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ನನ್ನ ಫೋನ್ ಬಂತಂತೆ, ದಾರಿ ತಾನಾಗಿಯೇ ತೆರೆಯಿತಂತೆ. ಎಲ್ಲ ಪ್ರಸ್ಥಾನದ ಮಹಿಮೆ ಎಂದರು. ನಾನು ಕಾಫಿಗೆ ಸಕ್ಕರೆ ಕಲಸುತ್ತಿದ್ದೆ. ಆವತ್ತು ತಿನ್ನದೆ ಉಳಿದ ಡಬ್ಬಿಯ ಅನ್ನ ನೆನಪಾಗಿ, ಒಂದೇ ಲೋಟಕ್ಕೆ ಎರಡು ಸಲ ಸಕ್ಕರೆ ಹಾಕಿದೆ.

ಹೊರಡುವಾಗ ಅವರು ಸಂಭ್ರಮದಿಂದ ಇನ್ನೊಂದು ವಿಷಯ ಹೇಳಿದರು. ಗರುಡಾಚಾರ್‌ಪಾಳ್ಯದ ಅವರ ತಂಗಿಯ ಮನೆಯವರೂ ಮುಂದಿನ ವರ್ಷ ಹೊರಡುತ್ತಾರೆ. ನಮ್ಮ ಮಾಲೀಕರ ಹತ್ತಿರ ಮಾತಾಗಿದೆ. ನಮ್ಮ ಮನೆಯ ಬಾಗಿಲು ಒಳ್ಳೆಯದು, ಪ್ರಸ್ಥಾನ ಇಲ್ಲೇ ಇಡುವುದೆಂದು ಗೊತ್ತುಮಾಡಿಯಾಗಿದೆ. ಮಾಲೀಕರು ಅದಕ್ಕೇನಂತೆ, ಧಾರಾಳವಾಗಿ ಎಂದಿದ್ದಾರೆ. ಅವರು ನನಗೆ ಹೇಳಿದ್ದ ಮುಂದಿನ ಸಲ ಅಂದರೆ ಇದೇ. ನಮ್ಮ ಅಮ್ಮ ಆಗಲೇ ತಲೆಯಾಡಿಸುತ್ತಿದ್ದರು.

"ಬೇರೆ ಮನೆ ನೋಡ್ಕೊಳ್ಳಿ ದೊಡ್ಡಮ್ಮ," ಎಂದೆ. "ಮುಂದಿನ ವರ್ಷ ನಾನು ಊರಲ್ಲಿರಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಮ್ಮನಿಗೆ ನಿಜವಾಗಿಯೂ ಖುಷಿಯಾಯಿತು. "ಹೌದಾ ತಾಯಿ? ಎಲ್ಲಿಗೆ?" ಎಂದು ಕೇಳಿದರು.

ಇಷ್ಟು ವರ್ಷ ಊರುಗಳ ಹೆಸರು ಹೇಳಿಯೇ ಸಂಬಳ ತೆಗೆದುಕೊಂಡವಳಿಗೆ ಆಗ ಒಂದು ಊರಿನ ಹೆಸರೂ ಬಾಯಿಗೆ ಬರಲಿಲ್ಲ.